ಚುಕ್ಕಿ ಅಳಿಸಿದ ಲೆಕ್ಕ

ಚುಕ್ಕಿ ಶಾಲೆಯ ಕೊನೆಯ ಎರಡು ವರ್ಷ ಮೇಲ್ಮಟ್ಟದ ಗಣಿತ ಓದಿದವಳು. ಇದನ್ನು ಅವಳ ಬಾಯಿಂದ ಯಾರೂ ಕೇಳಿರಲಾರರು. ಅವಳ ಅಂಗಡಿಗೆ ಹೋದರೆ ಮೊದಲು ಕಾಣುವುದು ಅವಳ ಬೆನ್ನು. ತಗಡಿನ ಹಾಳೆಯ ಮೇಲೆ ಬಗ್ಗಿ ಕೆಂಪು ಪೆನ್ಸಿಲ್ಲಿನಲ್ಲಿ ಗೀರು ಎಳೆಯುತ್ತಿರುತ್ತಾಳೆ. ತಲೆ ಎತ್ತದೆ "ಏನ್ ಬೇಕು" ಅನ್ನುತ್ತಾಳೆ. ಹೊಗೆ ಕೊಳವೆಯೋ, ಗಾಳಿ ಕೊಳವೆಯೋ, ಕಾಳು ಸುರಿಯುವ ದೊಡ್ಡ ಲಾಳಿಕೆಯೋ, ಯಾವುದನ್ನೇ ಹೇಳಿ, ಅಳತೆ ಕೇಳಿ ಗೋಡೆಯ ಮೇಲೆ ಬರೆದುಕೊಂಡು "ಗುರುವಾರ ಬನ್ನಿ" ಅನ್ನುತ್ತಾಳೆ. ಗುರುವಾರ ಹೋದರೆ ಕೆಲಸ ಆಗಿರುತ್ತದೆ. ಇಷ್ಟೇ ಅವಳ ಬದುಕು ಅಂದುಕೊಂಡರೂ ದೊಡ್ಡ ತಪ್ಪೇನಿಲ್ಲ.

ಆದರೆ ಹದಿನೇಳನೆಯ ವಯಸ್ಸಿನಲ್ಲಿ ಅವಳು ಆ ಗಣಿತದ ತರಗತಿಯಿಂದ ಹೊರಬೀಳುವುದರಲ್ಲಿದ್ದಳು. ಯಾಕೆ ಬೀಳಲಿಲ್ಲ ಅನ್ನುವುದನ್ನು ನಮ್ಮ ಬೀದಿಯಲ್ಲಿ ಬಾಯಿಗೊಂದು ಥರ ಹೇಳುತ್ತಾರೆ. ನಾನು ಹೋಗಿ ಶಾಲೆಯನ್ನೇ ನಡುಗಿಸಿಬಿಟ್ಟೆ ಅನ್ನುವವರೂ ಇದ್ದಾರೆ. ಅದು ಶುದ್ಧ ಸುಳ್ಳು. ನಾನು ಅಲ್ಲಿದ್ದದ್ದು ನಿಜ. ನಡುಗಿದ್ದು ನಾನು ಕೂತಿದ್ದ ಕುರ್ಚಿಯ ಒಂದು ಕಾಲು ಮಾತ್ರ. ಅದು ಮೊದಲೇ ಕುಂಟು.

ಅವಳ ಅಪ್ಪ ತಗಡು ಕೆಲಸದವನು, ಅಜ್ಜನೂ ಅದೇ. ಅಪ್ಪ ಕತ್ತರಿಸಿ ಬಗ್ಗಿಸಿದ್ದಕ್ಕೆ ಬೆಸುಗೆ ಹಾಕುವುದು ಅಮ್ಮ. ಅಮ್ಮನ ನಾಲಿಗೆ ಬೆಸುಗೆಯ ಕಾವಿಗಿಂತ ಒಂದು ಕೈ ಮೇಲೆ. ಅಪ್ಪ ಅದಕ್ಕೆ ತದ್ವಿರುದ್ಧ. ನಾನು ನಡೆಸುತ್ತಿದ್ದ ಕಾರ್ಮಿಕ ಸಂಘದ ಫಲಕಗಳಿಗೆ ತಗಡು ಕತ್ತರಿಸಿ ಕೊಡುತ್ತಿದ್ದವನು ಅವನೇ. ಮೆರವಣಿಗೆಗೂ ಬರುತ್ತಿದ್ದ. ಘೋಷಣೆ ಕೂಗೋ ಮಾರಾಯ ಅಂದರೆ "ಗಂಟಲು ಕೆಟ್ಟಿದೆ" ಅನ್ನುತ್ತಿದ್ದ. ಮೂವತ್ತು ವರ್ಷ ಅವನ ಗಂಟಲು ಕೆಟ್ಟೇ ಇತ್ತು.

ಅಂಗಡಿ ಅಂದರೆ ಮನೆಯ ಮುಂದಿನ ಕೋಣೆ. ಅದರ ಒಂದು ಗೋಡೆಯಲ್ಲಿ ನಾಲ್ಕು ದೊಡ್ಡ ಮೊಳೆ, ಒಂದೊಂದಕ್ಕೂ ಒಂದೊಂದು ತಗಡಿನ ಮಾದರಿ ನೇತುಬಿದ್ದಿತ್ತು. ಕೊಳವೆಯನ್ನು ಮೂಲೆಯಲ್ಲಿ ತಿರುಗಿಸಬೇಕಾದರೆ ಎರಡು ತುಂಡನ್ನು ಓರೆಯಾಗಿ ಕತ್ತರಿಸಿ ಒಂದಕ್ಕೊಂದು ಕೂಡಿಸಬೇಕು. ಇದಕ್ಕೆ ಮೊಣಕೈ ಅನ್ನುತ್ತಾರೆ. ಓರೆ ಕತ್ತರಿಸಿದ ಕೊಳವೆಯನ್ನು ಬಿಚ್ಚಿ ಹಾಸಿದರೆ ಅಂಚು ನೇರ ಇರುವುದಿಲ್ಲ, ಅಲೆಯ ಹಾಗೆ ಏರಿ ಇಳಿಯುತ್ತದೆ. ಆ ಅಲೆ ಎಳ್ಳಷ್ಟು ತಪ್ಪಿದರೂ ಎರಡು ತುಂಡು ಕೂಡುವುದಿಲ್ಲ. ಸಂದಿಯಲ್ಲಿ ಹೊಗೆ ಬಂದು ಗಿರಾಕಿಯ ಬೈಗುಳ ಅದರ ಹಿಂದೆಯೇ ಬರುತ್ತದೆ. ಹತ್ತು, ಹದಿನೈದು, ಇಪ್ಪತ್ತು, ಮೂವತ್ತು ಸೆಂಟಿಮೀಟರ್ ಅಗಲದ ಕೊಳವೆಗಳಿಗೆ ಅಜ್ಜ ಮಾದರಿ ಮಾಡಿಟ್ಟು ತೀರಿಕೊಂಡಿದ್ದ. ನಡುವಿನ ಅಳತೆ ಹಿಡಿದುಕೊಂಡು ಬಂದವರಿಗೆ ಅಪ್ಪ "ಇಪ್ಪತ್ತೇ ಸಾಕು ಬಿಡಿ, ಹೊಗೆಗೇನ್ ಗೊತ್ತಾಗುತ್ತೆ" ಅಂದು ಸಾಗಹಾಕುತ್ತಿದ್ದ.

ಮಾದರಿಯನ್ನು ತಗಡಿನ ಮೇಲಿಟ್ಟು ಅಂಚಿನುದ್ದಕ್ಕೂ ಚುಕ್ಕಿ ಇಡುವುದು ಐದನೆಯ ವಯಸ್ಸಿನಿಂದಲೇ ಮಗಳ ಕೆಲಸ. ಹಾಗಾಗಿ ಅವಳು ಚುಕ್ಕಿ. ಚುಕ್ಕಿ ಸೇರಿಸಿ ಗೀರು ಎಳೆಯುವುದು ಅಪ್ಪ. ಗೀರು ಪೆನ್ಸಿಲ್ಲಿನದೇ ಆಗಬೇಕು. ಮೊಳೆಯಲ್ಲಿ ಗೀರಿದರೆ ತಗಡಿನ ಮೇಲಿನ ಸತುವಿನ ಹೊದಿಕೆ ಕಿತ್ತು ಅಲ್ಲಿಂದಲೇ ತುಕ್ಕು ಹಿಡಿಯುತ್ತದೆ. ಕೆಲಸ ಮುಗಿದ ಮೇಲೆ, ಗಿರಾಕಿಯ ಕೈಗೆ ಕೊಡುವ ಮೊದಲು, ಸೀಮೆಎಣ್ಣೆ ಬಟ್ಟೆಯಲ್ಲಿ ಆ ಗೀರುಗಳನ್ನೆಲ್ಲ ಒರೆಸಬೇಕು. ಒರೆಸುವುದೂ ಚುಕ್ಕಿಯ ಪಾಲಿನದೇ. "ಗೀರು ಕಂಡ್ರೆ ಕೈ ಇನ್ನೂ ಪಳಗಿಲ್ಲ ಅಂತ ಅರ್ಥ" ಅನ್ನುವುದು ಅಜ್ಜನ ಮಾತು. ಒಮ್ಮೆ ಒಂದು ಲಾಳಿಕೆಯ ಒಳಮೈಯಲ್ಲಿ ಬೆರಳುದ್ದದ ಗೀರು ಉಳಿದುಬಿಟ್ಟಿತೆಂದು ಅಪ್ಪ ಗಿರಾಕಿಯ ಹಿಂದೆ ಎರಡು ಬೀದಿ ಓಡಿ, ಅವನನ್ನು ನಿಲ್ಲಿಸಿ, ಒರೆಸಿ ಕೊಟ್ಟು ಬಂದಿದ್ದ. ಆ ಮನುಷ್ಯ ತನ್ನ ಲಾಳಿಕೆ ಕಿತ್ತುಕೊಳ್ಳಲು ಬಂದನೆಂದು ಹೆದರಿದ್ದನಂತೆ.

ಶಾಲೆಯ ಕೊನೆಯ ಎರಡು ವರ್ಷಕ್ಕೆ ಗಣಿತ ಎರಡು ಹೋಳಾಗುತ್ತಿತ್ತು. ಸಾಮಾನ್ಯ ಗಣಿತ ಊರಿಗೆಲ್ಲ. ಮೇಲ್ಮಟ್ಟದ್ದು ಬೇಕೆಂದವರಿಗೆ, ಅಂದರೆ ಮನೆಯಲ್ಲಿ ಯಾರಾದರೂ "ಬೇಕು" ಅಂತ ಹೇಳಿಕೊಟ್ಟವರಿಗೆ. ಅರವತ್ತು ಮಕ್ಕಳಲ್ಲಿ ಹದಿನಾಲ್ಕು ಜನ ಸೇರಿದ್ದರು. ವಕೀಲರ ಮನೆಯವರು, ಡಾಕ್ಟರ ಮನೆಯವರು, ಔಷಧಿ ಅಂಗಡಿಯವರ ಮಗ, ಇಂಥವರೇ ಹದಿಮೂರು. ಚುಕ್ಕಿ ಹದಿನಾಲ್ಕನೆಯವಳು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗಣಿತದ ಮೇಷ್ಟ್ರ ಮೇಜಿನ ಮೇಲೆ ತೆರೆದಿದ್ದ ಪುಸ್ತಕದಲ್ಲಿ ಒಂದು ಅಲೆಯ ಚಿತ್ರ ಕಂಡು ನಿಂತುಬಿಟ್ಟಳಂತೆ.

"ಸಾರ್, ಇದು ನಮ್ಮನೆ ಗೋಡೇಲಿದೆ."

"ಏನು ಇದೆ?"

"ಈ ಅಲೆ. ನಾಲ್ಕು ಇದೆ, ಬೇರೆ ಬೇರೆ ಅಳತೇದು."

ಆ ಮೇಷ್ಟ್ರಿಗೆ ಮಕ್ಕಳು ಇಟ್ಟ ಹೆಸರು 'ಆದ್ದರಿಂದ'. ಬಾಯಿ ತೆಗೆದರೆ ಅದೇ ಮಾತು. ಗಾಳಿ ಬೀಸುತ್ತಿದೆ, ಆದ್ದರಿಂದ ಕಿಟಕಿ ಹಾಕಿ. ಗಂಟೆ ಹೊಡೆಯಿತು, ಆದ್ದರಿಂದ ತೊಲಗಿ. ಹುಡುಗಿ ಹೇಳಿದ್ದು ಅವರಿಗೆ ತಲೆಬುಡ ತಿಳಿಯಲಿಲ್ಲ. ಆದರೂ "ಆದ್ದರಿಂದ ಸೇರ್ಕೋ" ಅಂದರು.

ಸೇರಿದಳು. ಕೋನಗಳ ಪಾಠ ಶುರುವಾದ ಮೂರನೆಯ ವಾರಕ್ಕೆ ಅವಳಿಗೊಂದು ಸಂಗತಿ ಹೊಳೆಯಿತು. ಕೊಳವೆಯ ಅರ್ಧ ಅಗಲ ಒಂದು ಗೊತ್ತಿದ್ದರೆ ಸಾಕು, ಅಜ್ಜನ ಮಾದರಿಯ ಹಂಗಿಲ್ಲದೆ ಯಾವ ಅಳತೆಗೆ ಬೇಕಾದರೂ ಆ ಅಲೆ ಬರೆಯಬಹುದು. ಇದನ್ನು ಅಪ್ಪನಿಗೆ ಹೇಳಲಿಲ್ಲ. ಸತ್ತ ಅಜ್ಜನ ಕೈಕೆಲಸ ಇನ್ನು ಬೇಡ ಅಂದ ಹಾಗಾಗುತ್ತದೆಂದು ಸುಮ್ಮನಿದ್ದಳು. ಆದರೆ ಆ ತರಗತಿಯನ್ನು ಬಿಡಬಾರದು ಅನ್ನುವುದು ಅವತ್ತೇ ಅವಳಲ್ಲಿ ಗಟ್ಟಿಯಾಯಿತು. ಉಳಿದವರಿಗೆ ಅದು ಮುಂದಿನ ಕಾಲೇಜಿನ ಮೆಟ್ಟಿಲು. ಇವಳಿಗೆ ಮನೆಯ ಗೋಡೆಯಲ್ಲಿ ಹುಟ್ಟಿದಾಗಿನಿಂದ ನೇತಾಡುತ್ತಿದ್ದ ಒಗಟಿನ ಉತ್ತರ.

ಅರ್ಧ ವರ್ಷದ ಪರೀಕ್ಷೆ ಬಂತು. ಅದಕ್ಕೊಂದು ನಿಯಮ: ನೂರಕ್ಕೆ ಐವತ್ತು ಬರದವರು ಸಾಮಾನ್ಯ ಗಣಿತಕ್ಕೆ ಇಳಿಯಬೇಕು, ಮತ್ತೆ ಹತ್ತುವ ಹಾಗಿಲ್ಲ. ಒಂಬತ್ತು ಲೆಕ್ಕ. ಚುಕ್ಕಿ ಉತ್ತರ ಪತ್ರಿಕೆಯಲ್ಲಿ ಪೆನ್ಸಿಲ್ಲಿನಿಂದ ಎಲ್ಲವನ್ನೂ ಮಾಡಿದಳು. ಉತ್ತರಗಳನ್ನು ಪೆನ್ನಿನಲ್ಲಿ ದುಂಡಗೆ ಬರೆದಳು. ಆಮೇಲೆ, ಕೊಡುವ ಮೊದಲು, ರಬ್ಬರ್ ತೆಗೆದುಕೊಂಡು ಪೆನ್ಸಿಲ್ಲಿನ ಗುರುತನ್ನೆಲ್ಲ ಅಳಿಸಿದಳು. ಅರ್ಧಗಂಟೆ ಹಿಡಿಯಿತಂತೆ. ಕೊನೆಗೆ ಪುಡಿಯನ್ನು ಊದಿ, ಅಂಗೈಯಲ್ಲಿ ಸವರಿ, ಒಪ್ಪಿಸಿ ಬಂದಳು. ಕೆಳಗಿನ ತರಗತಿಗಳಲ್ಲೂ ಹೀಗೇ ಮಾಡುತ್ತಿದ್ದಳು. ಅಲ್ಲಿ ಉತ್ತರ ಸರಿಯಿದ್ದರೆ ಟಿಕ್ಕು ಬೀಳುತ್ತಿತ್ತು, ಯಾರೂ ಕೇಳಿರಲಿಲ್ಲ. ಈ ತರಗತಿಯಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಬರೆಯುವರು, ಮಕ್ಕಳು ಇಳಿಸಿಕೊಳ್ಳುವರು. ಮಕ್ಕಳ ಪುಸ್ತಕ ತೆಗೆದು ನೋಡುವ ಪದ್ಧತಿ ಇರಲಿಲ್ಲ.

ಬಂದ ಅಂಕ ಸೊನ್ನೆ. ಜೊತೆಗೆ ಒಂದು ಚೀಟಿ: ತಂದೆಯನ್ನು ಕರೆದುಕೊಂಡು ಬರುವುದು.

ಅಪ್ಪ ಚೀಟಿ ಹಿಡಿದುಕೊಂಡು ನನ್ನ ಹತ್ತಿರ ಬಂದ. "ನನಗೆ ಮಾತು ಬರಲ್ಲ. ನೀನು ಜಗಳಕ್ಕೇ ಹುಟ್ಟಿದವನು, ಬಾ" ಅಂದ. ಹೊರಟೆ. ಶಾಲೆಯ ಗೇಟಿನಲ್ಲಿ ನನ್ನ ಕಣ್ಣು ಧರಣಿಗೆ ಜಾಗ ಹುಡುಕುತ್ತಿತ್ತು ಅನ್ನುವುದನ್ನು ಒಪ್ಪಿಕೊಳ್ಳುತ್ತೇನೆ. ಎಡಗಡೆ ನೆರಳು ಚೆನ್ನಾಗಿತ್ತು.

ಹೆಡ್‌ಮಿಸ್ಟ್ರೆಸ್ ಕೋಣೆಯಲ್ಲಿ ಎದುರಿಗೆ ಎರಡೇ ಕುರ್ಚಿ. ಒಂದರಲ್ಲಿ 'ಆದ್ದರಿಂದ' ಮೇಷ್ಟ್ರು ಕೂತಿದ್ದರು, ಇನ್ನೊಂದರಲ್ಲಿ ನಾನು ಕೂತೆ. ಅಪ್ಪ ಮಗಳು ಗೋಡೆಗೆ ನಿಂತರು.

"ಒಂಬತ್ತಕ್ಕೆ ಎಂಟು ಉತ್ತರ ಸರಿ ಇದೆ," ಅಂದರು ಹೆಡ್‌ಮಿಸ್ಟ್ರೆಸ್. "ಆದ್ರೆ ಲೆಕ್ಕ ಮಾಡಿದ ಗುರುತೇ ಇಲ್ಲ. ಪಕ್ಕದಲ್ಲಿ ಕೂತಿದ್ದ ಔಷಧಿ ಅಂಗಡಿಯವರ ಮಗನದೂ ಆ ಎಂಟು ಉತ್ತರ ಇವೇ. ಏನಂತ ತಿಳ್ಕೊಳ್ಳೋದು?"

"ಸರಿ ಉತ್ತರ ಎರಡೆರಡು ಥರ ಇರುತ್ತಾ ಮೇಡಂ?" ಅಂದೆ.

"ನೀವು ಯಾರು?"

"ಚಿಕ್ಕಪ್ಪ."

ಅಪ್ಪ ನನ್ನ ಕಡೆ ನೋಡಿದ. ಅಲ್ಲ ಅನ್ನಲಿಲ್ಲ.

"ಆ ಹುಡುಗನ ಮನೆಯವರಿಗೂ ಚೀಟಿ ಹೋಗಿದೆಯಾ?" ಅಂತ ಕೇಳಿದೆ.

"ಅವನದು ಎಲ್ಲಾ ಹೆಜ್ಜೇನೂ ಇದೆ. ಅವರನ್ನ ಯಾಕೆ ಕರೆಸಲಿ?" ಅಂದರು. ಆಮೇಲೆ ದನಿ ಮೆತ್ತಗೆ ಮಾಡಿ, "ನೋಡಿ, ಸಾಮಾನ್ಯ ಗಣಿತ ಅಂದ್ರೆ ಕೀಳಲ್ಲ. ಅಂಗಡಿ ಕೆಲಸಕ್ಕೆ ಅದು ಧಾರಾಳವಾಗಿ ಸಾಕು" ಅಂದರು.

ನನ್ನ ಮೈ ಉರಿಯಿತು. ಇಬ್ಬರ ಉತ್ತರ ಒಂದೇ ಇದ್ದರೆ ಇಬ್ಬರನ್ನೂ ಕೇಳಬೇಕು. ಕರೆಸಿದ್ದು ತಗಡಿನವನ ಮಗಳನ್ನು ಮಾತ್ರ. ಬಾಯಿ ತೆಗೆಯುವುದರಲ್ಲಿದ್ದೆ. ಅಷ್ಟರಲ್ಲಿ ಅಪ್ಪ ಮುಂದೆ ಬಂದು ಉತ್ತರ ಪತ್ರಿಕೆಗೆ ಕೈ ಹಾಕಿದ. ತಗಡಿನ ಹಾಳೆ ಹಿಡಿಯುವ ಹಾಗೆ, ಅಂಚು ಬೆರಳಿಗೆ ಕೊಯ್ಯದಂತೆ, ಎರಡು ಅಂಗೈಗಳ ನಡುವೆ ಹಿಡಿದ. ಪುಟ ತಿರುವಿದ. ಎಲ್ಲ ನೋಡಿದ.

"ಚೊಕ್ಕವಾಗಿದೆ," ಅಂದ.

"ಏನು ಚೊಕ್ಕ?" ಅಂದರು ಹೆಡ್‌ಮಿಸ್ಟ್ರೆಸ್.

"ಕೆಲಸ. ಒಂದು ಗೀರೂ ಬಿಟ್ಟಿಲ್ಲ."

ಮೇಷ್ಟ್ರು ಚುಕ್ಕಿಯ ಕಡೆ ತಿರುಗಿದರು. "ಬರೆದು ಅಳಿಸಿದ್ಯಾ?"

"ಹೂಂ ಸಾರ್. ಕೊಡೋ ಮುಂಚೆ ಅಳಿಸ್ಬೇಕಲ್ವಾ?"

ಅವಳ ದನಿಯಲ್ಲಿ ತಪ್ಪಿತಸ್ಥರ ನಡುಕ ಇರಲಿಲ್ಲ. ಊಟಕ್ಕೆ ಮುಂಚೆ ಕೈ ತೊಳೆಯಬೇಕಲ್ಲವಾ ಅಂದ ಹಾಗೆ ಕೇಳಿದಳು. ಅಪ್ಪ ಕಿಟಕಿಯ ಹತ್ತಿರ ಹೋಗಿ ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಬೆಳಕಿಗೆ ಓರೆ ಮಾಡಿದ. ಒರೆಸಿದ ತಗಡನ್ನು ಅವನು ದಿನವೂ ಹಾಗೆ ನೋಡುವವನೇ. "ಇಲ್ಲಿದೆ ನೋಡಿ. ಇಲ್ಲೊಂದು. ಇಲ್ಲಿ ಒತ್ತಿ ಬರೆದಿದಾಳೆ," ಅಂದ. ಮೇಷ್ಟ್ರು ಎದ್ದು ಹೋಗಿ ಅವನ ಭುಜದ ಮೇಲಿಂದ ಬಗ್ಗಿ ನೋಡಿದರು. ಪೆನ್ಸಿಲ್ ಹೋಗಿದ್ದರೂ ಅದು ಒತ್ತಿದ ತಗ್ಗು ಕಾಗದದಲ್ಲಿ ಉಳಿದಿತ್ತು. ಅಪ್ಪನಿಗೆ ಗೀರು ಕಂಡಿತು, ಓದಲು ಬರಲಿಲ್ಲ. ಮೇಷ್ಟ್ರಿಗೆ ಓದಲು ಬಂತು, ಆದರೆ ಅಪ್ಪ ಓರೆ ಹಿಡಿದುಕೊಟ್ಟರೆ ಮಾತ್ರ. ಇಬ್ಬರೂ ಒಂದೇ ಹಾಳೆಯ ಮೇಲೆ ತಲೆ ಕೂಡಿಸಿ ಹತ್ತು ನಿಮಿಷ ನಿಂತರು. ಒಂದು ಕಡೆ ಮೇಷ್ಟ್ರು "ಅರೆ, ಇದನ್ನ ನಾನು ಹೇಳಿಕೊಟ್ಟ ದಾರೀಲಿ ಮಾಡಿಲ್ಲವಲ್ಲ" ಅಂದು ಗೊಣಗಿದರು.

ಹೆಡ್‌ಮಿಸ್ಟ್ರೆಸ್ ಸೋಲುವವರಲ್ಲ. "ಕಾಗದದ ತಗ್ಗಿಗೆ ಅಂಕ ಕೊಡೋ ನಿಯಮ ಎಲ್ಲೂ ಇಲ್ಲ," ಅಂದರು. ಅದೂ ಸರಿಯೇ. ಕೊನೆಗೆ ಮೇಷ್ಟ್ರೇ ದಾರಿ ಹೇಳಿದರು. ಬರುವ ಶನಿವಾರ ಬೇರೆ ಪ್ರಶ್ನೆ ಪತ್ರಿಕೆ. ಪೆನ್ಸಿಲ್ ಇಲ್ಲ, ರಬ್ಬರ್ ಇಲ್ಲ. "ಆದ್ದರಿಂದ ಪೆನ್ನು. ಮೊದಲಿನಿಂದ ಕೊನೆವರೆಗೂ ಪ್ರತಿ ಹೆಜ್ಜೆ ಕಾಣಬೇಕು. ಕಾಣದೆ ಇದ್ರೆ ಉತ್ತರ ಸರಿ ಇದ್ರೂ ಸೊನ್ನೆ." ಐವತ್ತು ಬಂದರೆ ಉಳಿಯುತ್ತಾಳೆ, ಇಲ್ಲದಿದ್ದರೆ ಇಳಿಯುತ್ತಾಳೆ. ಔಷಧಿ ಅಂಗಡಿಯವರ ಮಗನನ್ನೂ ಕೂರಿಸಿ ಅಂದೆ. ಅದಕ್ಕೆ ಮಾತ್ರ ಒಪ್ಪಲಿಲ್ಲ. ಅದೊಂದು ನನಗೆ ಇವತ್ತಿಗೂ ಉರಿಯುತ್ತದೆ.

ಉಳಿದದ್ದು ಐದು ದಿನ. ಹೆಜ್ಜೆ ಬರೆಯುವುದರಲ್ಲಿ ಏನಿದೆ ಮಹಾ ಅಂತ ನಾನೂ ಅಂದುಕೊಂಡೆ. ಆದರೆ ಚುಕ್ಕಿಗೆ ಕೈಯೇ ಏಳಲಿಲ್ಲ. ಪೆನ್ನಿನಲ್ಲಿ ಎರಡು ಸಾಲು ಬರೆದರೆ ಅವಳಿಗೆ ಅದು ಗಲೀಜು ಕಾಣುತ್ತಿತ್ತು. ಹರಿದು ಹಾಕಿ ಮತ್ತೆ ಶುರು ಮಾಡುತ್ತಿದ್ದಳು. ಬುಧವಾರದ ಹೊತ್ತಿಗೆ ಒಂದು ಪುಸ್ತಕದ ಹಾಳೆಗಳು ಮುಗಿದಿದ್ದವು, ಒಂದು ಲೆಕ್ಕವೂ ತುದಿ ಮುಟ್ಟಿರಲಿಲ್ಲ.

"ಅದೇನು ಅಷ್ಟು ಕಷ್ಟ?" ಅಂತ ನಾನು ಕೇಳಿದೆ.

ಬೆಸುಗೆ ಹಾಕುತ್ತಿದ್ದ ಅಮ್ಮ ತಲೆ ಎತ್ತದೆ ಉತ್ತರ ಕೊಟ್ಟಳು. "ಒಳಲಂಗ ಮೇಲೆ ಹಾಕ್ಕೊಂಡು ಬೀದೀಲಿ ನಡಿ ಅಂದ್ರೆ ನೀನು ನಡೀತೀಯಾ?"

"ನಾನು ಒಳಲಂಗ ಹಾಕಲ್ಲವಲ್ಲ ಅತ್ತಿಗೆ."

"ಅದಕ್ಕೇ ನಿಂಗೆ ಅರ್ಥ ಆಗಲ್ಲ. ಸುಮ್ನೆ ಟೀ ಕುಡಿ."

ಅದೇ ಬುಧವಾರ ಬ್ರೆಡ್ಡಿನ ಭಟ್ಟಿಯವನು ಬಂದ. ಭಟ್ಟಿಯ ಹೊಗೆ ಕೊಳವೆಗೆ ಎರಡು ಮೊಣಕೈ ಬೇಕು, ಅಗಲ ಇಪ್ಪತ್ತೆರಡು. ಅಪ್ಪ ಎಂದಿನಂತೆ "ಇಪ್ಪತ್ತೇ ಸಾಕು ಬಿಡಿ" ಅಂದ. "ಕೊಳವೆ ಇಪ್ಪತ್ತೆರಡು ಇದೆ ಕಣಯ್ಯ. ಅದಕ್ಕೆ ಇಪ್ಪತ್ತರದ್ದು ಹಾಕಿದ್ರೆ ಹೊಗೆಗೆ ಗೊತ್ತಾಗದೆ ಇರಬಹುದು, ನಂಗೆ ಗೊತ್ತಾಗುತ್ತೆ," ಅಂದ ಭಟ್ಟಿಯವನು. ಅಪ್ಪ ಅವನ ಎದುರಿಗೇ ಅಂದಾಜಿನ ಮೇಲೆ ಒಂದು ಹಾಳೆ ಕತ್ತರಿಸಿದ. ಕೂಡಲಿಲ್ಲ. ಇನ್ನೊಂದು ಕತ್ತರಿಸಿದ. ಅದು ಇನ್ನೂ ದೂರ ಹೋಯಿತು. ಮೂರನೆಯದಕ್ಕೆ ಕತ್ತರಿ ಎತ್ತಿದಾಗ ಚುಕ್ಕಿಗೆ ತಡೆಯಲಾಗಲಿಲ್ಲ.

"ಅಪ್ಪ, ನಿಲ್ಲು. ಮಾದರಿ ಇಲ್ದೇನೂ ಆಗುತ್ತೆ."

"ಹೇಗೆ?"

ಅವಳು ಪೆನ್ಸಿಲ್ ತೆಗೆದುಕೊಂಡಳು. ಅರ್ಧ ಅಗಲ ಹನ್ನೊಂದು. ಸುತ್ತಳತೆ ಅರವತ್ತೊಂಬತ್ತಕ್ಕೆ ಚೂರು ಮೇಲೆ; ಅದನ್ನು ಹನ್ನೆರಡು ಪಾಲು ಮಾಡಿದಳು. ಮೊದಲ ಪಾಲಿಗೆ ಎತ್ತರ ಹನ್ನೊಂದು, ಆಮೇಲೆ ಒಂಬತ್ತೂವರೆ, ಐದೂವರೆ, ಸೊನ್ನೆ, ಅಲ್ಲಿಂದ ಅಷ್ಟಷ್ಟೇ ಕೆಳಗೆ. ಚುಕ್ಕಿ ಇಟ್ಟಳು, ಚುಕ್ಕಿ ಸೇರಿಸಿ ಅಲೆ ಎಳೆದಳು. ಮುಗಿದ ತಕ್ಷಣ ಕೈ ತನ್ನಷ್ಟಕ್ಕೆ ಸೀಮೆಎಣ್ಣೆ ಬಟ್ಟೆಯ ಕಡೆ ಹೋಯಿತು. ಅಂಚಿನಲ್ಲಿ ಬರೆದಿದ್ದ ಅಂಕಿಗಳನ್ನು ಒರೆಸತೊಡಗಿದಳು.

ಅಪ್ಪ ಅವಳ ಮಣಿಕಟ್ಟು ಹಿಡಿದ. "ಏಯ್. ಅಳಿಸಿದ್ರೆ ನಾನು ಎಲ್ಲಿ ಕತ್ತರಿಸ್ಲಿ?"

"ಅಲೆ ಬಿಡ್ತೀನಪ್ಪ. ಅಂಕಿ ಅಷ್ಟೇ."

"ಅಂಕಿ ಇಲ್ದೆ ನೀನು ಎಳೆದಿದ್ದು ಸರೀನೋ ತಪ್ಪೋ ನಂಗೆ ಹೇಗೆ ಗೊತ್ತಾಗ್ಬೇಕು? ಗಿರಾಕಿ ಮುಂದೆ ಅಳಿಸು. ಕತ್ತರಿ ಹಿಡಿದೋನ ಮುಂದೆ ಅಳಿಸಬಾರ್ದು."

ಅವಳ ಕೈ ಅಲ್ಲೇ ನಿಂತಿತು. ಆ ಮಾತು ಹೇಳಿ ಅಪ್ಪ ತಗಡಿನ ಕಡೆ ಬಗ್ಗಿಬಿಟ್ಟಿದ್ದ. ತಾನೇನೋ ಹೇಳಿದೆ ಅನ್ನುವುದು ಅವನಿಗೆ ಗೊತ್ತೂ ಇರಲಿಲ್ಲ. ಚುಕ್ಕಿ ಕೇಳಿದಳು, "ಹಾಗಾದ್ರೆ ಮೇಷ್ಟ್ರು ಗಿರಾಕಿ ಅಲ್ವಾ?"

"ಅವರೆಲ್ಲಿ ಗಿರಾಕಿ? ಅವರು ಕತ್ತರಿ ಹಿಡ್ಕೊಂಡು ನಿಂತಿದಾರೆ," ಅಂದಳು ಅಮ್ಮ ಒಳಗಿನಿಂದ.

ಮೊಣಕೈ ಕೂಡಿತು. ಕೂದಲು ತೂರುವಷ್ಟೂ ಸಂದಿ ಇರಲಿಲ್ಲ. ಅಪ್ಪ ಅದನ್ನು ಎರಡು ಸಲ ತಿರುಗಿಸಿ ನೋಡಿ, ಗೋಡೆಯ ಮೇಲಿನ ಅಜ್ಜನ ಮಾದರಿಗಳನ್ನು ನೋಡಿ, "ಮೊದಲೇ ಹೇಳ್ಬಾರ್ದಿತ್ತಾ? ಎರಡು ಹಾಳೆ ಹಾಳಾಯ್ತು" ಅಂದ. ಹೊಗಳಿಕೆ ಅಂತ ಅವನ ಬಾಯಲ್ಲಿ ಬಂದದ್ದು ಅಷ್ಟೇ.

ಮಿಕ್ಕ ಎರಡು ದಿನ, ಶಾಲೆಯಿಂದ ಬಂದವಳು ಅಂಗಡಿಯ ಮೆಟ್ಟಿಲ ಮೇಲೆ ಕೂತು ಪೆನ್ನಿನಲ್ಲಿ ಬರೆದಳು. ಪ್ರತಿ ಲೆಕ್ಕ ಬರೆದ ಮೇಲೆ ಅಪ್ಪನಿಗೆ ತೋರಿಸಿ "ಕತ್ತರಿಸಬಹುದಾ?" ಅಂತ ಕೇಳುತ್ತಿದ್ದಳು. ಅವನಿಗೆ ಅದರಲ್ಲಿ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ. ಆದರೂ ಬೆರಳಿಟ್ಟು ಸಾಲು ಸಾಲಾಗಿ ಇಳಿಯುತ್ತಿದ್ದ. ಎರಡು ಸಾಲಿನ ನಡುವೆ ಅವಳು ದಡಬಡ ಹಾರಿದ್ದಾಳೆ ಅನ್ನಿಸಿದರೆ "ಇಲ್ಲಿಂದ ಇಲ್ಲಿಗೆ ಹೇಗ್ ಬಂದೆ?" ಅನ್ನುತ್ತಿದ್ದ. ಹತ್ತರಲ್ಲಿ ಏಳು ಸಲ ಅವನು ಬೆರಳಿಟ್ಟ ಜಾಗ ಸರಿಯಾಗಿಯೇ ಇರುತ್ತಿತ್ತು. ಉಳಿದ ಮೂರು ಸಲ ಅವನು ಸುಮ್ಮನೆ ಬೆರಳಿಟ್ಟಿದ್ದ.

ಶನಿವಾರ ಖಾಲಿ ತರಗತಿಯಲ್ಲಿ ಅವಳೊಬ್ಬಳು, ಎದುರಿಗೆ ಮೇಷ್ಟ್ರು. ಮೂರು ಗಂಟೆ ಹೊತ್ತು. ನಾವು ಹೊರಗೆ ಗೇಟಿನ ಎಡಗಡೆ, ನಾನು ಧರಣಿಗೆಂದು ನೋಡಿಟ್ಟಿದ್ದ ನೆರಳಿನಲ್ಲಿ ಕೂತಿದ್ದೆವು. ಹೊರಗೆ ಬಂದವಳ ಬೆರಳು ಮಸಿಯಾಗಿತ್ತು.

"ಎಷ್ಟು ಮಾಡ್ದೆ?" ಅಂದ ಅಪ್ಪ.

"ಒಂಬತ್ತರಲ್ಲಿ ಆರು. ಉಳಿದ ಮೂರಕ್ಕೆ ಟೈಮ್ ಸಾಕಾಗ್ಲಿಲ್ಲ."

ಅಪ್ಪನ ಮುಖ ಸಣ್ಣದಾಯಿತು. ನಾನು ಮನಸ್ಸಿನಲ್ಲೇ ಅಂಕ ಕೂಡಿದೆ. ಎಲ್ಲ ಸರಿಯಿದ್ದರೂ ಅರವತ್ತೇಳು ದಾಟದು, ಎರಡು ತಪ್ಪಿದರೆ ಕೆಳಗೆ. ಅಷ್ಟರಲ್ಲಿ ಮೇಷ್ಟ್ರು ಹಾಳೆಗಳ ಕಟ್ಟು ಹಿಡಿದುಕೊಂಡು ನಮ್ಮ ಹತ್ತಿರವೇ ಬಂದು ಕಟ್ಟೆಯ ಮೇಲೆ ಕೂತು ತಿದ್ದಲು ಶುರು ಮಾಡಿದರು. ಅವರಿಗೂ ತಾಳ್ಮೆ ಇರಲಿಲ್ಲ ಅಂತ ಕಾಣುತ್ತದೆ. ಮೊದಲ ಲೆಕ್ಕವೇ ನಾಲ್ಕು ಪುಟ.

"ಏನಮ್ಮ ಇದು? ಎಂಟು ಮತ್ತು ಎಂಟು ಕೂಡಿದರೆ ಹದಿನಾರು ಅಂತ ಒಂದು ಸಾಲು ಬೇರೆ ಬರೆದಿದೀಯ."

"ಪ್ರತಿ ಹೆಜ್ಜೆ ಅಂದ್ರಲ್ಲ ಸಾರ್."

ಐದನೆಯ ಲೆಕ್ಕದಲ್ಲಿ ಒಂದು ಚಿಹ್ನೆ ತಪ್ಪಿತ್ತು, ಉತ್ತರವೂ ಕೆಟ್ಟಿತ್ತು. ಎಲ್ಲಿ ಕೆಟ್ಟಿತು ಅನ್ನುವುದು ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತಿತ್ತು. ಮೇಷ್ಟ್ರು ಅಲ್ಲೊಂದು ಕೆಂಪು ಗೆರೆ ಎಳೆದು, ಮೇಲಿನ ಸಾಲುಗಳಿಗೆಲ್ಲ ಅಂಕ ಹಾಕಿದರು. ಒಟ್ಟು ಅರವತ್ತೆರಡು. "ಆದ್ದರಿಂದ ಸೋಮವಾರ ತರಗತಿಗೆ ಬಾ," ಅಂದರು. ಎದ್ದವರು ಮತ್ತೆ ನಿಂತು ಅಪ್ಪನನ್ನು ಕೇಳಿದರು, "ಆ ನಾಲ್ಕು ಅಲೆ ನಿಮ್ಮ ಮನೇಲಿ ನಿಜವಾಗ್ಲೂ ಇದೆಯಾ?"

ಉಳಿದದ್ದನ್ನು ಚಿಕ್ಕದಾಗಿ ಹೇಳಬಹುದು. ಎರಡು ವರ್ಷ ಮುಗಿದಾಗ ಅವಳಿಗೆ ಆ ಗಣಿತದಲ್ಲಿ ಎಪ್ಪತ್ತೊಂದು ಬಂತು. ಮೊದಲನೆಯವನು ಔಷಧಿ ಅಂಗಡಿಯವರ ಮಗನೇ. ಜಾಣ ಹುಡುಗ, ಅವನ ಮೇಲೆ ನನಗೇನೂ ಸಿಟ್ಟಿಲ್ಲ. ಚುಕ್ಕಿ ವಿಜ್ಞಾನಿಯಾಗಲಿಲ್ಲ, ಮೇಷ್ಟ್ರಾಗಲಿಲ್ಲ. ಎರಡು ವರ್ಷ ನಕ್ಷೆ ಬರೆಯುವುದನ್ನು ಕಲಿತು ಅಂಗಡಿಗೆ ಬಂದು ಕೂತಳು. ಇಷ್ಟು ಓದಿ ತಗಡು ಕತ್ತರಿಸೋದಾ ಅಂದವರಿದ್ದಾರೆ. ಇವರ ಪ್ರಕಾರ ಓದು ಅಂದರೆ ಕೈಕೆಲಸದಿಂದ ತಪ್ಪಿಸಿಕೊಳ್ಳುವ ಉಪಾಯ. ಅವಳಿಗೆ ಅದು ಹಾಗಿರಲಿಲ್ಲ. ಈಗ ಅಲ್ಲಿ ನಾಲ್ಕು ಜನ ದುಡಿಯುತ್ತಾರೆ. ಯಾವ ಅಳತೆಯ ಗಿರಾಕಿಯನ್ನೂ ಸಾಗಹಾಕುವುದಿಲ್ಲ. ಅಜ್ಜನ ಮಾದರಿಗಳಲ್ಲಿ ಮೂರನ್ನು ಬೇರೆ ಕೆಲಸಕ್ಕೆ ಕತ್ತರಿಸಿ ಬಳಸಿದಳು. ನಾಲ್ಕನೆಯದನ್ನು ಮೇಷ್ಟ್ರು ಕೇಳಿ ಇಸಿದುಕೊಂಡು ಹೋಗಿ, ತಮ್ಮ ತರಗತಿಯ ಗೋಡೆಗೆ ಹೊಡೆದಿದ್ದರು.

ಹೋದ ತಿಂಗಳು ಆ ಮೇಷ್ಟ್ರು ಅಂಗಡಿಗೆ ಬಂದಾಗ ನಾನೂ ಇದ್ದೆ. ನಿವೃತ್ತರಾಗಿ ಎಷ್ಟೋ ವರ್ಷ, ಕೋಲು ಹಿಡಿದಿದ್ದಾರೆ. ಸ್ನಾನದ ಮನೆಯ ಬಿಸಿನೀರಿನ ಒಲೆಗೆ ಒಂದು ಮೊಣಕೈ ಮಾಡಿಸಿದ್ದರು. ಚುಕ್ಕಿ ಅದನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒಳಗೂ ಹೊರಗೂ ಒರೆಸಿ ಕೈಗೆ ಕೊಟ್ಟಳು. ಅವರು ಕನ್ನಡಕ ಸರಿಮಾಡಿಕೊಂಡು, ಬೆಳಕಿಗೆ ಓರೆ ಹಿಡಿದು, ಸುತ್ತ ತಿರುಗಿಸಿ ನೋಡಿದರು.

"ಹೆಜ್ಜೆ ಒಂದೂ ಕಾಣಲ್ಲವಲ್ಲಮ್ಮ. ಸೊನ್ನೆ ಹಾಕ್ಲಾ?"

"ಇವತ್ತು ನೀವು ಗಿರಾಕಿ ಸಾರ್," ಅಂದಳು ಚುಕ್ಕಿ, ಮತ್ತೆ ತಗಡಿನ ಮೇಲೆ ಬಗ್ಗಿ.